ಮರುವಾಯಿಗೂ ಎಟ್ಟಿಗೂ ಏನು ನಂಟು?

ಕೇಳುಗರಿಗೆಲ್ಲ ನಮಸ್ಕಾರ.

ಕಳೆದ ಭಾನುವಾರ ನಮ್ಮ ಅಡುಗೆಮನೆಯಲ್ಲಿ ಎರಡು ಪಾತ್ರೆ ತುಂಬಿದ್ದವು. ಒಂದರಲ್ಲಿ ಮರುವಾಯಿ, ಅಂದರೆ ಕಪ್ಪೆಚಿಪ್ಪು; ಇನ್ನೊಂದರಲ್ಲಿ ಎಟ್ಟಿ, ಅಂದರೆ ಸಿಗಡಿ. ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ಬಗ್ಗಿ ನೋಡಿ ಕೇಳಿದಳು: "ಅಜ್ಜೀ, ಇದಕ್ಕೂ ಚಿಪ್ಪು, ಅದಕ್ಕೂ ಚಿಪ್ಪು. ಎರಡೂ ಒಂದೇ ಜಾತಿ ಅಲ್ವಾ?"

ಅಲ್ಲ. ಇವನ್ನೆಲ್ಲ ಸೇರಿಸಿ ಶೆಲ್‌ಫಿಶ್ ಅನ್ನುವುದು ಹೋಟೆಲಿನ ಮೆನು ಕಾರ್ಡಿನ ಮಾತು. ಪ್ರಾಣಿಶಾಸ್ತ್ರದಲ್ಲಿ ಅಂಥ ಗುಂಪೇ ಇಲ್ಲ. ಇವು ಮೀನೂ ಅಲ್ಲ. ಮೀನಿಗೆ ಬೆನ್ನೆಲುಬಿದೆ, ಇವಕ್ಕಿಲ್ಲ. ಹಾಗೆ ನೋಡಿದರೆ ಬಂಗುಡೆ ಎಟ್ಟಿಗಿಂತ ನಮಗೇ ಹತ್ತಿರದ ನೆಂಟ! ಮಂಗಳೂರಿನ ಧಕ್ಕೆಯಲ್ಲಿ ಮೀನು ಮಾರುವ ಹೆಂಗಸರು ಇವನ್ನು ಒಂದೇ ಹೆಸರಲ್ಲಿ ಕರೆಯುವುದಿಲ್ಲ. ಮರುವಾಯಿ, ಪಚ್ಚಿಲೆ (ಬಂಡೆಗೆ ಅಂಟುವ ಚಿಪ್ಪು), ಎಟ್ಟಿ, ಡೆಂಜಿ (ಏಡಿ), ಬೊಂಡಾಸ್ (ಸ್ಕ್ವಿಡ್) ಅಂತ ಬಿಡಿಸಿಯೇ ಹೇಳುತ್ತಾರೆ. ಅದೇ ಸರಿ ಅಂತ ನನಗನಿಸುತ್ತದೆ.

ಅವಳ ಕೈಗೆ ಒಂದು ಮರುವಾಯಿ ಚಿಪ್ಪು ಕೊಟ್ಟೆ. ಉಗುರಿನಿಂದ ಸವರಿ ನೋಡು ಅಂದೆ. ಗೆರೆಯ ಮೇಲೆ ಗೆರೆ. ಎರಡು ಚಿಪ್ಪು ಕೂಡುವ ಕಡೆ ಒಂದು ಪುಟ್ಟ ಉಬ್ಬು ಇದೆಯಲ್ಲ, ಅದೇ ಚಿಪ್ಪಿನ ಅತ್ಯಂತ ಹಳೆಯ ಭಾಗ. ಒಳಗಿನ ಮೆತ್ತನೆಯ ಪದರವೊಂದು ಅಂಚಿಗೆ ಸುಣ್ಣದ ಅಂಶ ಸೇರಿಸುತ್ತಾ ಹೋಗುತ್ತದೆ. ಮರುವಾಯಿ ಮನೆ ಬದಲಿಸುವುದಿಲ್ಲ, ಇದ್ದ ಮನೆಯನ್ನೇ ದೊಡ್ಡದು ಮಾಡಿಕೊಳ್ಳುತ್ತದೆ. ಇದೇ ಚಿಪ್ಪು ಸುಟ್ಟು ನೀರು ಹಾಕಿದರೆ ವೀಳ್ಯದೆಲೆಗೆ ಹಚ್ಚುವ ಸುಣ್ಣ. ಮರುವಾಯಿ, ಪಚ್ಚಿಲೆ, ಶಂಖ, ಬಸವನಹುಳು ಎಲ್ಲ ಮೃದ್ವಂಗಿಗಳು. ಮೆತ್ತನೆ ಮೈಯವು.

ಬೊಂಡಾಸ್ ಕೂಡ ಇದೇ ಮನೆತನದ್ದು! ಹೊರಗೆ ಚಿಪ್ಪಿಲ್ಲ, ನಿಜ. ಆದರೆ ಬೊಂಡಾಸ್ ಸೀಳುವಾಗ ಒಳಗಿಂದ ಪ್ಲಾಸ್ಟಿಕ್ ಹಾಗಿನ ತೆಳ್ಳಗಿನ ಗರಿಯೊಂದು ಬರುತ್ತದೆ, ನೋಡಿರುತ್ತೀರಿ. ಅಜ್ಜನ ಕಾಲದ ಚಿಪ್ಪಿನಲ್ಲಿ ಉಳಿದದ್ದು ಅಷ್ಟೇ.

ಈಗ ಎಟ್ಟಿ. ಅದರ ಕಾಲು ಹಿಡಿದು ನೋಡಿ, ಕೀಲು ಕೀಲು. ಇದು ಸಂಧಿಪದಿ. ಜಿರಳೆ, ಇರುವೆ, ಜೇಡ ಎಲ್ಲ ಈ ದೊಡ್ಡ ಕುಟುಂಬದವೇ. ಅದರೊಳಗೆ ಎಟ್ಟಿ, ಡೆಂಜಿ ಕಠಿಣಚರ್ಮಿಗಳು. ಇವುಗಳ ಹೊರಕವಚ ಕೈಟಿನ್ ಎಂಬ ವಸ್ತುವಿನದು, ಜಿರಳೆಯ ಮೈಮೇಲಿರುವುದೂ ಅದೇ. ಈ ಕವಚ ಬೆಳೆಯುವುದಿಲ್ಲ. ಹಾಗಾಗಿ ಮೈ ಬೆಳೆದಂತೆ ಹಳೆಯದನ್ನು ಕಳಚಿ ಎಸೆಯಲೇಬೇಕು. ಹೊಸದು ಗಟ್ಟಿಯಾಗುವ ತನಕ ಡೆಂಜಿ ಎಲ್ಲಾದರೂ ಅವಿತು ಕೂರುತ್ತದೆ, ಆಗ ಅದರ ಮೈ ಬೆಣ್ಣೆಯ ಹಾಗೆ ಮೆತ್ತಗೆ.

ವಂಶದ ಲೆಕ್ಕ ಇನ್ನೂ ಚೆಂದ. ಮರುವಾಯಿಗೆ ಎಟ್ಟಿಗಿಂತ ಹತ್ತಿರದ ನೆಂಟ ನಮ್ಮ ತೋಟದ ಎರೆಹುಳ. ಎಟ್ಟಿಗೆ ಮರುವಾಯಿಗಿಂತ ಹತ್ತಿರದ್ದು ಇರುವೆ. ವಂಶವಾಹಿಗಳನ್ನು ಹೋಲಿಸಿ ನೋಡಿದ ಮೇಲೆ ಇದು ಖಚಿತವಾಯಿತು.

ಹೊರಗಿನ ಚಿಪ್ಪು ನೋಡಿ ಮೋಸಹೋದವಳು ನನ್ನ ಮೊಮ್ಮಗಳೊಬ್ಬಳೇ ಅಲ್ಲ. ಮಳೆಗಾಲದಲ್ಲಿ ಮಲ್ಪೆಯಲ್ಲಿ ದೋಣಿ ದಡಕ್ಕೆಳೆದಾಗ ತಳದಲ್ಲಿ ಬಿಳಿ ಬಿಳಿ ಚೂಪು ಗುಳ್ಳೆಗಳು ಅಂಟಿರುತ್ತವಲ್ಲ, ಬಾರ್ನಕಲ್. ಮುಟ್ಟಿದರೆ ಕೈ ಕೊಯ್ಯುತ್ತದೆ. ಗಟ್ಟಿ ಸುಣ್ಣದ ಚಿಪ್ಪು. 1758ರಲ್ಲಿ, ಜೀವಿಗಳನ್ನು ಗುಂಪು ಗುಂಪಾಗಿ ವಿಂಗಡಿಸಿದ ವಿಜ್ಞಾನಿ ಲಿನೇಯಸ್ ಇದನ್ನು ಮರುವಾಯಿಯಂಥ ಚಿಪ್ಪಿನ ಜೀವಿಗಳ ಜೊತೆಗೇ ಇಟ್ಟ. ಆಮೇಲೆ ಜಾನ್ ವಾನ್ ಥಾಂಪ್ಸನ್ ಎಂಬ ಸೇನೆಯ ವೈದ್ಯ, ಐರ್ಲೆಂಡಿನ ಕಡಲಿಂದ ತೀರಾ ಸಣ್ಣ ಈಜುವ ಮರಿಗಳನ್ನು ಹಿಡಿದು ಗಾಜಿನ ಪಾತ್ರೆಯಲ್ಲಿ ಸಾಕಿದ. ಅವು ಪೊರೆ ಕಳಚಿದವು, ಪಾತ್ರೆಯ ತಳಕ್ಕೆ ಅಂಟಿದವು, ಬಾರ್ನಕಲ್ ಆದವು! ಪೊರೆ ಕಳಚುವ ಜೀವಿ ಮರುವಾಯಿಯ ಬಳಗ ಹೇಗಾದೀತು? ಅದು ಎಟ್ಟಿಯ ಬಳಗ. 1830ರಲ್ಲಿ ಅವನು ಇದನ್ನು ಪ್ರಕಟಿಸಿದ.

ಸಂಜೆ ಮೊಮ್ಮಗಳನ್ನು ಸೋಮೇಶ್ವರದ ಬಂಡೆಗಳ ಹತ್ತಿರ ಕರೆದುಕೊಂಡು ಹೋದೆ. ಬಂಡೆಯ ಸಂದಿನಲ್ಲಿ ನಿಂತ ನೀರು. ಅದರಲ್ಲಿ ನಾಲ್ಕಾರು ಬಾರ್ನಕಲ್. ನೆರಳು ಬೀಳದ ಹಾಗೆ ಸುಮ್ನೆ ಕುಳಿತೆವು. ಸ್ವಲ್ಪ ಹೊತ್ತಿಗೆ ಒಂದರ ಬಾಯಿ ತೆರೆಯಿತು. ಒಳಗಿಂದ ಗರಿಯಂಥ ಪುಟ್ಟ ಕಾಲುಗಳು ಹೊರಗೆ ಬಂದು, ನೀರನ್ನು ಬಾಚಿ, ಮತ್ತೆ ಒಳಗೆ ಹೋದವು. "ಅಜ್ಜೀ, ಕಾಲು!" ಅಂದಳು ಅವಳು.