ಎಡಗೈ ಹೆಬ್ಬೆರಳನ್ನು ಕೇಳಿ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಜಪಾನಿನ ಪಿಯಾನೊ ವಾದಕ ಇಜುಮಿ ತತೆನೊ ಅವರ ಬಗ್ಗೆ ಮಾತು. ಇವರು ಎಡಗೈ ಒಂದರಲ್ಲೇ ನುಡಿಸುತ್ತಾರೆ ಅಂದ ಕೂಡಲೇ ಜನ ‘ಅಯ್ಯೋ ಪಾಪ’ ಅನ್ನುತ್ತಾರೆ. ದಯವಿಟ್ಟು ಆ ಕನಿಕರವನ್ನು ಬದಿಗಿಡಿ. ಎಡಗೈಯ ಹೆಬ್ಬೆರಳನ್ನು ಕೇಳಿ, ಅಷ್ಟು ಸಾಕು.

ಯಾಕೆ ಹೆಬ್ಬೆರಳು? ನಿಮ್ಮ ಎಡ ಅಂಗೈಯನ್ನು ಮೇಜಿನ ಮೇಲೆ ಬೋರಲಾಗಿಡಿ. ಕಿರುಬೆರಳು ಎಡಕ್ಕೆ, ಹೆಬ್ಬೆರಳು ಬಲಕ್ಕೆ ಬಂತಲ್ಲ? ಪಿಯಾನೊದ 88 ಮನೆಗಳಲ್ಲಿ, ಅಂದರೆ ಬೆರಳೊತ್ತುವ ಪಟ್ಟಿಗಳಲ್ಲಿ, ಬಲಕ್ಕೆ ಸರಿದಷ್ಟೂ ಸ್ವರ ಏರುತ್ತದೆ. ಹಾಡಿನ ಮಟ್ಟು ಸಾಮಾನ್ಯವಾಗಿ ಮೇಲಿನ ಸ್ವರಗಳಲ್ಲೇ ಇರುತ್ತದೆ. ಹಾಗಾಗಿ ಎಡಗೈಯಲ್ಲಿ ಮಟ್ಟು ಸಿಗುವುದು ಎಲ್ಲಕ್ಕಿಂತ ಗಟ್ಟಿ ಬೆರಳಿಗೆ. ಬಲಗೈಯಲ್ಲಿ ಅದೇ ಕೆಲಸ ಬಡಪಾಯಿ ಕಿರುಬೆರಳಿನ ತಲೆಗೆ ಬೀಳುತ್ತದೆ. ಈಗ ಹೇಳಿ, ಪಾಪ ಯಾರು?

ತತೆನೊ ಹುಟ್ಟಿದ್ದು 1936ರಲ್ಲಿ, ಟೋಕಿಯೊದಲ್ಲಿ. ತಂದೆ ಚೆಲ್ಲೊ ವಾದಕ, ತಾಯಿ ಪಿಯಾನೊ ವಾದಕಿ. 1960ರಲ್ಲಿ ಟೋಕಿಯೊ ಕಲಾ ವಿಶ್ವವಿದ್ಯಾಲಯದಿಂದ ಹೊರಬಂದರು. ಆಗ ಜಪಾನಿನ ಸಂಗೀತಗಾರರೆಲ್ಲ ಜರ್ಮನಿ, ಫ್ರಾನ್ಸ್ ಅಂತ ಹೋಗುತ್ತಿದ್ದರು. ಇವರು 1964ರಲ್ಲಿ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಗೆ ಹೋಗಿ ನೆಲೆಸಿದರು. ಅಲ್ಲಿ ಸಿಬೇಲಿಯಸ್ ಅಕಾಡೆಮಿ ಎಂಬ ಸಂಗೀತ ಶಾಲೆಯಲ್ಲಿ ಪಾಠ ಹೇಳಿದರು, ಕಛೇರಿ ಕೊಟ್ಟರು, ಫಿನ್ಲೆಂಡಿನ ಸಂಗೀತವನ್ನು ಜಪಾನಿಗೆ ಪರಿಚಯಿಸಿದರು. ಆಗೆಲ್ಲ ಎರಡೂ ಕೈಯಲ್ಲಿ.

2002ರ ಜನವರಿ. ಫಿನ್ಲೆಂಡಿನ ತಾಂಪೆರೆ ನಗರದಲ್ಲಿ ಕಛೇರಿ. ಕೊನೆಯ ಕೃತಿ ನುಡಿಸುತ್ತಿರುವಾಗ ಬಲಗೈ ಹಿಂದೆ ಬೀಳತೊಡಗಿತು. ಹೇಗೋ ಮುಗಿಸಿದರು, ಎದ್ದು ಸಭೆಗೆ ನಮಿಸಿದರು, ವೇದಿಕೆಯ ಮೇಲೇ ಕುಸಿದರು. ಮೆದುಳಿನಲ್ಲಿ ರಕ್ತಸ್ರಾವ, ಬಲಭಾಗ ಸ್ವಾಧೀನ ತಪ್ಪಿತು. ಎಡಗೈಗೆಂದೇ ಬರೆದ ಕೃತಿಗಳಿವೆಯಲ್ಲ ಅಂತ ಹೇಳಿದವರಿದ್ದರು. ತತೆನೊ ಅವರಿಗೆ ಮನಸ್ಸಿರಲಿಲ್ಲ. ಎರಡು ಕೈಯಲ್ಲಿ ಬದುಕಿದವರಿಗೆ ಅದು ಅರ್ಧ ಸಂಗೀತ ಅನ್ನಿಸುವುದು ಸಹಜ. ಅಮೆರಿಕದಲ್ಲಿ ಪಿಟೀಲು ಕಲಿಯುತ್ತಿದ್ದ ಮಗ ಯಾನ್ನೆ ಒಂದು ಸ್ವರಲಿಪಿ ತಂದು ಪಿಯಾನೊ ಮೇಲಿಟ್ಟ. ಫ್ರಾಂಕ್ ಬ್ರಿಜ್ ಎಂಬ ಇಂಗ್ಲಿಷ್ ಸಂಯೋಜಕ ಎಡಗೈಗಾಗಿ 1918ರಲ್ಲಿ ಬರೆದ ಮೂರು ಪುಟ್ಟ ಕೃತಿಗಳು. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಡಗ್ಲಸ್ ಫಾಕ್ಸ್ ಎಂಬ ಸಂಗೀತಗಾರನಿಗಾಗಿ ಹುಟ್ಟಿದ ಕೃತಿಗಳಿವು. ತತೆನೊ ಕೂತು ನುಡಿಸಿದರು. ಕೇಳಿದ್ದು ಪೂರ್ಣ ಸಂಗೀತ. ಒಂದು ಕೈ, ಎರಡು ಕೈ ಎಂಬ ಲೆಕ್ಕ ಅಲ್ಲಿಗೆ ಮುಗಿಯಿತು. 2004ರಲ್ಲಿ ಮತ್ತೆ ವೇದಿಕೆ ಹತ್ತಿದರು.

ಒಂದು ಕೈ ಇಷ್ಟನ್ನೆಲ್ಲ ಹೇಗೆ ತುಂಬುತ್ತದೆ? ಹಾರ್ಮೋನಿಯಂನಲ್ಲಿ ಬೆರಳೆತ್ತಿದರೆ ಸ್ವರ ಮುಗಿಯಿತು. ಪಿಯಾನೊದಲ್ಲಿ ಬಲಗಾಲ ಪೆಡಲ್ ಒತ್ತಿದ್ದರೆ ಬೆರಳು ಎದ್ದರೂ ತಂತಿ ಮಿಡಿಯುತ್ತಲೇ ಇರುತ್ತದೆ. ಕಿರುಬೆರಳು ಮಂದ್ರ ಸ್ವರವನ್ನು ಹೊಡೆಯಬೇಕು, ಪೆಡಲ್ ಅದನ್ನು ಹಿಡಿದುಕೊಳ್ಳಬೇಕು, ಕೈ ಮೇಲಕ್ಕೆ ಹಾರಿ ಹೆಬ್ಬೆರಳಿನಲ್ಲಿ ಮಟ್ಟನ್ನು ನುಡಿಸಬೇಕು. ಮಂದ್ರದ ದಪ್ಪ ತಂತಿಗಳ ನಾದ ಬೇಗ ಅಡಗುವುದಿಲ್ಲ. ಅದರಿಂದಲೇ ಇದೆಲ್ಲ ಸಾಧ್ಯ. ಪೆಡಲ್ ಒತ್ತುವುದು ಮಂದ್ರ ಮೊಳಗಿದ ಮೇಲೆ, ಕಿರುಬೆರಳು ಏಳುವ ಮೊದಲು. ತಡವಾದರೆ ಮಂದ್ರ ಸತ್ತಿತು. ಹಳೆಯ ಪೆಡಲ್ ಬಿಡದೆ ಹಿಡಿದಿದ್ದರೆ ಹಿಂದಿನ ಸ್ವರಗಳೂ ಸೇರಿ ಕಲಸುಮೇಲೋಗರ. ಐದೂ ಬೆರಳು ಒಂದೇ ಬಲದಲ್ಲಿ ಬಿದ್ದರೆ ಮಟ್ಟು ಮುಳುಗುತ್ತದೆ. ಹೆಬ್ಬೆರಳಿಗೆ ತೂಕ, ಉಳಿದವಕ್ಕೆ ಮೆತ್ತಗೆ. ಇದನ್ನೇ ನಾನು ಆಗಿನಿಂದ ಹೇಳುತ್ತಿರುವುದು.

ಕೂರುವ ಜಾಗವೂ ಮುಖ್ಯ. ಎಂದಿನ ಹಾಗೆ ನಡುವೆ ಕೂತರೆ ಮೇಲಿನ ಮನೆಗಳಿಗೆ ಹೋಗುವಾಗ ಮೊಣಕೈ ಪಕ್ಕೆಗೆ ತಗುಲುತ್ತದೆ. ಆದ್ದರಿಂದ ಆಸನ ಒಂದಿಷ್ಟು ಬಲಕ್ಕೆ. ಮೈ ತಿರುಗಿದಾಗ ಜೋಲಿ ತಪ್ಪದಂತೆ ಎಡಗಾಲನ್ನು ನೆಲಕ್ಕೆ ಊರಬೇಕು. ಕೈಗೆ ಬಿಡುವು ಎಂಬುದೇ ಇಲ್ಲ; ಮುಂಗೈ ಬಿಗಿ ಹಿಡಿದರೆ ನಾಲ್ಕು ಪುಟದಲ್ಲೇ ಸೋಲು.

ಸಮಯ ಓಡುತ್ತಿದೆ. ಮಿಚಿಯೊ ಮಮಿಯ, ತಕಾಶಿ ಯೊಶಿಮತ್ಸು ಮುಂತಾದ ಜಪಾನಿ ಸಂಯೋಜಕರು ತತೆನೊ ಅವರಿಗೆಂದೇ ಹೊಸ ಕೃತಿ ಬರೆದರು. 2012ರಲ್ಲಿ ಜಪಾನಿನ ಎನ್‌ಎಚ್‌ಕೆ ವಾಹಿನಿಯ ಐತಿಹಾಸಿಕ ಧಾರಾವಾಹಿಯ ಶೀರ್ಷಿಕೆ ಸಂಗೀತದಲ್ಲಿ ಮನೆಮನೆಗೂ ಕೇಳಿದ್ದು ಇವರ ಎಡಗೈಯೇ.

ಕೇಳಲು ಹೊರಟವರು ರಷ್ಯಾದ ಸಂಯೋಜಕ ಸ್ಕ್ರಿಯಾಬಿನ್ 1894ರಲ್ಲಿ ಎಡಗೈಗೆ ಬರೆದ ಪ್ರಿಲ್ಯೂಡ್, ನಾಕ್ಟರ್ನ್ ಎಂಬ ಪುಟ್ಟ ಕೃತಿಗಳಿಂದ ಶುರುಮಾಡಿ. ಬಲಗೈ ನೋವಿನಲ್ಲಿ ಬರೆದವು. ಆಮೇಲೆ ಜರ್ಮನಿಯ ಸಂಯೋಜಕ ಬಾಖ್‌ನ ಶಕೋನ್. ಒಂಟಿ ಪಿಟೀಲಿನ ಆ ಕೃತಿಯನ್ನು ಅದೇ ನಾಡಿನ ಬ್ರಾಮ್ಸ್ ಪಿಯಾನೊದ ಎಡಗೈಗೆ ಇಳಿಸಿದ್ದಾನೆ. ಫ್ರಾನ್ಸಿನ ರಾವೆಲ್ ಎಡಗೈಗೆ ಬರೆದ ಕಾನ್ಸರ್ಟೊ, ಅಂದರೆ ಪಿಯಾನೊ ಮತ್ತು ವಾದ್ಯವೃಂದ ಸೇರಿ ನುಡಿಸುವ ಕೃತಿ, ಕೊನೆಗಿರಲಿ. ಅದರಲ್ಲಿ ಮೊದಲು ಮಂದ್ರ ವಾದ್ಯಗಳು ಗುಡುಗುಟ್ಟುತ್ತಾ ಏರುತ್ತವೆ, ಆಮೇಲೆ ಪಿಯಾನೊ ಒಂಟಿಯಾಗಿ ಒಳಗೆ ಬರುತ್ತದೆ. ಅಲ್ಲಿ ಹೆಬ್ಬೆರಳನ್ನು ಹಿಡಿದುಕೊಳ್ಳಿ, ಬಿಡಬೇಡಿ. ನಮಸ್ಕಾರ.