ಅಳೆದದ್ದು ಎಷ್ಟು, ಕೇಳಿದ್ದು ಎಷ್ಟು

ಕೇಳುಗರಿಗೆಲ್ಲ ನಮಸ್ಕಾರ. ಪಿಎಚ್‌ಡಿ ಮಾಡ್ತಾ ಇರುವವರ ಮನೆಯಲ್ಲಿ ವೈವಾ ಡೇಟ್ ಬಂತು ಅಂದ್ರೆ ಆಮೇಲೆ ಊಟ ಸೇರುದಿಲ್ಲ, ನಿದ್ದೆ ಹತ್ತುದಿಲ್ಲ. ನಮ್ಮ ಮನೆಯಲ್ಲೂ ಹಾಗೇ ಇತ್ತು. ಮಕ್ಕಳನ್ನು ಪಿಎಚ್‌ಡಿಗೆ ಸೇರಿಸಿದ ಎಷ್ಟೋ ಅಪ್ಪ ಅಮ್ಮಂದಿರಿಗೆ ಇದು ಎಂತ ಅಂತ ಗೊತ್ತಿರುದಿಲ್ಲ, ಹಾಗಾಗಿ ಅದನ್ನು ಮೊದಲು ಹೇಳಿಬಿಡ್ತೇನೆ. ಮಹಾಪ್ರಬಂಧ ಬರೆದು ಬೈಂಡ್ ಮಾಡಿಸಿ ಕೊಟ್ಟ ಕೂಡ್ಲೆ ಡಾಕ್ಟರೇಟ್ ಸಿಗುದಿಲ್ಲ. ಕೊಡುವ ಮೊದಲು ಡಿಪಾರ್ಟ್‌ಮೆಂಟಲ್ಲಿ ಎಲ್ಲರ ಎದುರು ಒಂದು ಪ್ರೆಸೆಂಟೇಶನ್ ಮಾಡ್ಲಿಕ್ಕೆ ಉಂಟು, ಬೇರೆಯವರದ್ದು ಎತ್ತಿ ಬರೆದದ್ದುಂಟಾ ಅಂತ ಸಾಫ್ಟ್‌ವೇರಲ್ಲಿ ಚೆಕ್ ಮಾಡ್ತಾರೆ, ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿಯ 2018ರ ನಿಯಮದಲ್ಲಿ ಹೋಲಿಕೆ ನೂರಕ್ಕೆ 10ರ ಒಳಗಿದ್ರೆ ತೊಂದ್ರೆ ಇಲ್ಲ. ಮತ್ತೆ ಗೈಡ್ ಅಲ್ಲದೆ ಹೊರಗಿನವರು ಇಬ್ಬರಾದ್ರೂ ಅದನ್ನು ಪೂರ್ತಿ ಓದಿ ರಿಪೋರ್ಟ್ ಬರೀತಾರೆ, ಅದು ಸರಿ ಬಂದ ಮೇಲೆ ಅವರಲ್ಲಿ ಒಬ್ಬರು ಬಂದು ಎದುರು ಕೂತು ಕೇಳುದು, ಅದು ವೈವಾ. ಬಾಗಿಲು ಹಾಕಿ ಮಾಡುವ ಪರೀಕ್ಷೆ ಅಲ್ಲ, ಡಿಪಾರ್ಟ್‌ಮೆಂಟಿನವರು, ಬೇರೆ ಸಂಶೋಧಕರು, ಆ ವಿಷಯ ತಿಳಿದವರು ಬಂದು ಕೂತ್ಕೊಳ್ಬಹುದು.

ನಂದು ಬಂಟ್ವಾಳ ತಾಲೂಕಿನ ಸುರಂಗಗಳ ಮೇಲೆ, ಕನ್ನಡದಲ್ಲೇ ಬರೆದದ್ದು. ಸುರಂಗ ಅಂದ್ರೆ ಗುಡ್ಡದ ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದುಕೊಂಡು ಹೋಗುದು, ಒಬ್ಬ ಮನುಷ್ಯ ನುಗ್ಗುವಷ್ಟೇ ಅಗಲ, ಒಳಗೆ ಒರತೆ ಸಿಕ್ಕಿದ್ರೆ ಪಂಪು ಬೇಡ ಕರೆಂಟು ಬೇಡ, ನೀರು ತಾನಾಗಿ ಹರಿದು ತೋಟಕ್ಕೆ ಬರ್ತದೆ. ಅಡ್ಯನಡ್ಕದ ಹತ್ರ ಕೇಪುವಿನ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ನಿಮಗೆಲ್ಲ ನೆನಪಿರಬಹುದು, ಬೋಳು ಗುಡ್ಡದಲ್ಲಿ ಒಬ್ಬರೇ ತೋಡಿ, ನೀರು ಸಿಗದೆ ಪುನಃ ತೋಡಿ, ಅಡಿಕೆ ತೋಟ ಎಬ್ಬಿಸಿದವರು. ಅಂಥವರ ಕೆಲಸದ ಮೇಲೆ ಬರೆಯುವಾಗ ತಪ್ಪು ಬರೀಬಾರ್ದು ಅಂತ ನಂಗೆ ಸುರುವಿನಿಂದಲೂ ಇತ್ತು.

ಆದ್ರೆ ತಯಾರಿ ಅಂತ ನಾನು ಮೊದಲು ಮಾಡಿದ್ದು ಸ್ಲೈಡ್ ಚಂದ ಮಾಡುದು. ಒಂದು ವಾರ ಅದರಲ್ಲೇ ಹೋಯ್ತು. ನುಡಿ ಅಂತ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಉಂಟಲ್ಲ, ಅದರಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಹಾಕುವಾಗ ಅರ್ಕಾವತ್ತು ಎಲ್ಲ ಎಲ್ಲೆಲ್ಲಿಗೋ ಹಾರಿತು, ಬೇರೆ ಕಂಪ್ಯೂಟರಲ್ಲಿ ತೆರೆದು ನೋಡಿದ್ರೆ ಫಾಂಟೇ ಇಲ್ಲ, ಬರೀ ಚುಕ್ಕಿ ಗೆರೆ. ಕನ್ನಡದಲ್ಲಿ ಮಾಡುವವರು ದಯವಿಟ್ಟು ಪಿಡಿಎಫ್ ಒಂದು ಕೈಯಲ್ಲಿ ಇಟ್ಕೊಳ್ಳಿ, ಅಷ್ಟು ಸಾಕು. ಕಡೆಗೆ ಗೈಡ್ ಹೇಳಿದ್ರು, ಸ್ಲೈಡ್ ಬಿಡು ಮಾರಾಯ್ತಿ, ನಿನ್ನ ಫೀಲ್ಡ್ ಪುಸ್ತಕ ತೆಗಿ ಅಂತ.

ಅವು ಉದ್ದದ ನೋಟ್‌ಬುಕ್‌ಗಳು, ಅಂಚಿಗೆಲ್ಲ ಕೆಂಪು ಮಣ್ಣಿನ ಬೆರಳಚ್ಚು, ಕೆಲವು ಪುಟದಲ್ಲಿ ಮೇಣದ ಬತ್ತಿಯ ಮೇಣ ಬಿದ್ದು ಕಾಗದ ಪಾರದರ್ಶಕ ಆಗಿತ್ತು, ಯಾಕೆಂದ್ರೆ ಸುರಂಗದೊಳಗೆ ಹೋಗುವಾಗ ಬತ್ತಿ ಹಿಡ್ಕೊಂಡು ಹೋಗ್ಬೇಕು, ದೀಪ ಸಣ್ಣಾದ್ರೆ ಉಸಿರಿಗೆ ಗಾಳಿ ಸಾಲದು ಅಂತ, ಕೂಡ್ಲೆ ಹಿಂದೆ ಬರ್ಬೇಕು. ಪುಟ ತಿರುವ್ತಾ ಹೋದ್ರೆ ಪ್ರತಿ ಅಳತೆಯ ಪಕ್ಕ ಪೆನ್ಸಿಲಲ್ಲಿ ಒಂದೊಂದು ಅಕ್ಷರ ಇತ್ತು. ಅ ಅಂದ್ರೆ ನಾನು ಟೇಪ್ ಹಿಡಿದು ಅಳೆದದ್ದು, ಕೇ ಅಂದ್ರೆ ಮನೆಯವರ ಬಾಯಿಂದ ಕೇಳಿದ್ದು. ಟೈಪ್ ಮಾಡುವಾಗ ಎರಡೂ ಒಂದೇ ಕಾಲಂಗೆ ಹೋಗಿತ್ತು. ವೈವಾಕ್ಕೆ ನಾಲ್ಕು ದಿನ ಇರುವಾಗ ಇದು ನನ್ನ ಕಣ್ಣಿಗೆ ಬಿತ್ತು, ಕೈಕಾಲು ತಣ್ಣಗಾಯ್ತು. ರಾತ್ರಿಯೇ ಗೈಡ್‌ಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪರೀಕ್ಷಕರು ಕೇಳುವ ಮೊದಲು ನೀನೇ ಹೇಳು ಅಂದ್ರು.

ನಾನು ಹಾಗೇ ಮಾಡಿದೆ, ಮೂರನೇ ಸ್ಲೈಡಿಗೇ ಅದನ್ನು ಹಾಕಿದೆ. ಉಳಿದ ದಿನ ಇಬ್ಬರು ಪರೀಕ್ಷಕರ ರಿಪೋರ್ಟನ್ನು ಗೆರೆ ಗೆರೆಯಾಗಿ ಓದಿ ಒಂದೊಂದಕ್ಕೂ ಉತ್ತರ ಬರೆದೆ, ಪ್ರಬಂಧದ ಪುಟಗಳಿಗೆ ಚೀಟಿ ಅಂಟಿಸಿದೆ, ಅಡುಗೆಮನೆಯಲ್ಲಿ ಅಮ್ಮನ ಎದುರು ನಿಂತು ಜೋರಾಗಿ ಹೇಳಿದೆ. ಅಮ್ಮನಿಗೆ ಅರ್ಥ ಆಗದ ವಾಕ್ಯ ಎಲ್ಲ ತೆಗೆದುಹಾಕಿದೆ, ಅದು ನಿಜಕ್ಕೂ ಬಹಳ ಉಪಕಾರಕ್ಕೆ ಬಂತು.

ವೈವಾದ ದಿನ ನನ್ನ ಮಾತು ಮುಗಿದ ಮೇಲೆ ಪರೀಕ್ಷಕರು ಪುಟ ತೆರೆದು ಕೇಳಿದ್ರು, ಇಲ್ಲಿ 45.7 ಮೀಟರ್ ಅಂತ ಉಂಟು, ದಶಾಂಶ ಹಾಕಿದ್ದೀರಿ, ಅಷ್ಟು ಸರಿಯಾಗಿ ಅಳೆದಿದ್ದೀರಾ? ಇಲ್ಲ ಸರ್, ಅದು ಕೇಳಿದ್ದು, ಮನೆಯವರು 60 ಕೋಲು ಅಂದ್ರು, ಕೋಲಿಗೆ ಎರಡೂವರೆ ಅಡಿ ಹಿಡಿದು ಲೆಕ್ಕ ಹಾಕಿದ್ದು ಅಂದೆ. ಯಾವ ಕೋಲು, ಗಡಿಯ ಆಚೆ ಕೇರಳದಲ್ಲಿ ಕೋಲು ಅಂದ್ರೆ 72 ಸೆಂಟಿಮೀಟರ್, ನಿಮ್ಮದು 76 ಆಯ್ತಲ್ಲ, ಅಂದ್ರು. ನಂಗೆ ಗೊತ್ತಿಲ್ಲ ಸರ್, ನಾನು ಅದನ್ನು ವಿಚಾರಿಸ್ಲಿಲ್ಲ ಅಂದೆ. ಆ ಮಾತು ಹೇಳುವಾಗ ಗಂಟಲು ಒಣಗಿತ್ತು, ಹೇಳಿದ ಮೇಲೆ ಎದೆ ಹಗುರ ಆಯ್ತು. ಹಿಂದಿನ ಬೆಂಚಲ್ಲಿ ಆ ಸುರಂಗದ ಯಜಮಾನರು, ನಾನು ಅಜ್ಜ ಅಂತ ಕರೆಯುದು, ವಿಟ್ಲದಿಂದ ಬಸ್ಸಲ್ಲಿ ಬಂದು ಕೂತಿದ್ರು. ಪಂಚೆ ಸರಿ ಮಾಡ್ಕೊಂಡು ಎದ್ದು ನಿಂತು ಹೇಳಿದ್ರು, ಅರವತ್ತು ಕೋಲು ಅಂತ ನಾನು ಹೇಳಿದ್ದು ಹೌದು, ಆದ್ರೆ ಅದು ನನ್ನ ಅಪ್ಪ ಹೇಳಿದ್ದು, ನಾನು ಅಳೆದದ್ದಲ್ಲ.

ಪರೀಕ್ಷಕರು ಅವರನ್ನು ಕೂರಿಸಿ ಕಾಲು ಗಂಟೆ ಮಾತಾಡಿಸಿದ್ರು, ಕೊರೆದ ಮಣ್ಣನ್ನು ಹೇಗೆ ಹೊರಗೆ ತರ್ತಿದ್ರಿ, ಯಾವ ಮರ ನೋಡಿ ನೀರಿನ ಜಾಗ ಗುರುತು ಮಾಡ್ತಿದ್ರಿ ಅಂತ. ನನ್ನ ವೈವಾದಲ್ಲಿ ಎಲ್ಲಕ್ಕಿಂತ ಒಳ್ಳೆಯ ಕಾಲು ಗಂಟೆ ಅದು. ಡಿಗ್ರಿಗೆ ಶಿಫಾರಸು ಮಾಡಿದ್ರು, ತಿದ್ದುಪಡಿ ಒಂದೇ, ಕಾಲಂ ಎರಡು ಮಾಡಿ ಅಂತ, ಅಳೆದದ್ದು ಬೇರೆ, ಕೇಳಿದ್ದು ಬೇರೆ.

ಮುಂದಿನ ಆದಿತ್ಯವಾರ ಟೇಪ್ ಹಿಡ್ಕೊಂಡು ಅಜ್ಜನಲ್ಲಿಗೆ ಹೋದೆ. ಒಳಗೆ ಪಾದ ಮುಳುಗುವಷ್ಟು ನೀರು, ತಣ್ಣಗೆ, ಗೋಡೆಯಲ್ಲಿ ಪಿಕ್ಕಾಸಿನ ಏಟಿನ ಗುರುತು ಹಾಗೇ ಉಂಟು. ಕೊನೆಯ ಗೋಡೆ ಮುಟ್ಟುವಾಗ ಟೇಪಲ್ಲಿ 43 ಮೀಟರ್ ದಾಟಿ ಸ್ವಲ್ಪ. 72ರ ಕೋಲಿನಲ್ಲಿ ಮನಸ್ಸಲ್ಲೇ ಭಾಗಿಸಿದೆ. ಹೊರಗಿನಿಂದ ಅಜ್ಜ ಕೂಗಿದ್ರು, ಎಷ್ಟಾಯ್ತು ಟೀಚರೇ?

ಅರವತ್ತೇ ಅಜ್ಜ, ನಿಮ್ಮ ಅಪ್ಪ ಹೇಳಿದ್ದು ಸರಿ ಉಂಟು ಅಂದೆ.