ಲೆಕ್ಕ ಮಾಡಲೊಲ್ಲದ ಎಕ್ಸೆಲ್ ಸೂತ್ರ

ಕೇಳುಗರಿಗೆ ನಮಸ್ಕಾರ.

ಹಾಲು ಉತ್ಪಾದಕರ ಸಂಘದ ಬಟವಾಡೆ ಪಟ್ಟಿ, ಶಾಲೆಯ ಅಂಕಪಟ್ಟಿ, ಸ್ವಸಹಾಯ ಸಂಘದ ಉಳಿತಾಯ, ಅಂಗಡಿಯ ದಾಸ್ತಾನು, ಇವೆಲ್ಲ ಈಗ ಎಕ್ಸೆಲ್ ಹಾಳೆಗೆ ಬಂದಿವೆ. ಕೂಡುವ, ಗುಣಿಸುವ ಸೂತ್ರಗಳನ್ನು ಲೆಕ್ಕ ಬರೆಯುವವರಲ್ಲಿ ಬಹಳ ಮಂದಿ ಚೆನ್ನಾಗಿಯೇ ಬಲ್ಲರು. ಆದರೆ ಬರೆದ ಸೂತ್ರ ಲೆಕ್ಕ ಮಾಡದೆ ಸುಮ್ಮನೆ ಕುಳಿತಾಗ, ತಪ್ಪು ಸೂತ್ರದಲ್ಲೇ ಇರಬೇಕೆಂದು ಅದನ್ನು ಮತ್ತೆ ಮತ್ತೆ ಅಳಿಸಿ ಬರೆದು, ಕೊನೆಗೆ ಬೇಸತ್ತು, ಕ್ಯಾಲ್ಕುಲೇಟರಿನಲ್ಲಿ ಬಂದ ಮೊತ್ತವನ್ನು ಕೈಯಿಂದಲೇ ತುಂಬಿಬಿಡುತ್ತಾರೆ. ಹಾಗೆ ತುಂಬಿದ ಮೊತ್ತ ಮುಂದೆ ಮೇಲಿನ ಅಂಕಿ ಬದಲಾದರೂ ತಾನು ಬದಲಾಗುವುದಿಲ್ಲ. ಸೂತ್ರ ಕೆಲಸ ಮಾಡದಿರುವುದಕ್ಕಿಂತ ಇದು ಹೆಚ್ಚು ಅಪಾಯಕರವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಸೂತ್ರದ ದೋಷವನ್ನು ಹುಡುಕಬಹುದು, ಕೈಯಿಂದ ತುಂಬಿದ ಅಂಕಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಮೊದಲು, ಉತ್ತರ ಬರಬೇಕಾದ ಸೆಲ್ಲಿನಲ್ಲಿ, ಅಂದರೆ ಹಾಳೆಯ ಮನೆಯಲ್ಲಿ, ಸಮ ಚಿಹ್ನೆಯ ಸಮೇತ ಸೂತ್ರವೇ ಅಕ್ಷರಗಳಾಗಿ ಕಾಣಿಸುವ ಸಂದರ್ಭವನ್ನು ನೋಡೋಣ. ಬಟವಾಡೆ ಪಟ್ಟಿಯಲ್ಲಿ ಸದಸ್ಯರ ಬ್ಯಾಂಕ್ ಖಾತೆ ಸಂಖ್ಯೆಯ ಕಾಲಂ ಇದೆ ಎನ್ನಿ. ಖಾತೆ ಸಂಖ್ಯೆಯ ಮುಂದಿನ ಸೊನ್ನೆಗಳನ್ನು ಎಕ್ಸೆಲ್ ಉಳಿಸಿಕೊಳ್ಳುವುದಿಲ್ಲ, 15 ಅಂಕಿಗಳನ್ನು ಮೀರಿದರೆ ಉಳಿದವನ್ನು ಸೊನ್ನೆಯಾಗಿಸುತ್ತದೆ. ಆದ್ದರಿಂದ ತಿಳಿದವರು ಆ ಕಾಲಮ್ಮನ್ನು ಟೆಕ್ಸ್ಟ್, ಅಂದರೆ ಪಠ್ಯ, ಎಂದು ಗುರುತಿಸಿರುತ್ತಾರೆ. ಇದು ಸರಿಯಾದ ಕ್ರಮವೇ. ಮುಂದಿನ ತಿಂಗಳು ಇನ್ನೊಬ್ಬರು ಅದರ ಬಲಕ್ಕೆ ಹೊಸ ಕಾಲಮ್ಮೊಂದನ್ನು ಸೇರಿಸಿ, ಲೀಟರನ್ನು ದರದಿಂದ ಗುಣಿಸುವ ಸೂತ್ರವನ್ನು ಬರೆಯುತ್ತಾರೆ. ಹೊಸದಾಗಿ ಸೇರಿಸಿದ ಕಾಲಂ ಎಡಗಡೆಯ ಕಾಲಮ್ಮಿನ ಗುಣವನ್ನೇ ಪಡೆದುಕೊಳ್ಳುವುದರಿಂದ ಅದೂ ಪಠ್ಯವಾಗಿರುತ್ತದೆ, ಪಠ್ಯದ ಸೆಲ್ಲಿನಲ್ಲಿ ಏನು ಬರೆದರೂ ಎಕ್ಸೆಲ್ ಅದನ್ನು ಬರಿಯ ಬರಹವೆಂದೇ ಇಟ್ಟುಕೊಳ್ಳುತ್ತದೆ. ಪರದೆಯ ಮೇಲ್ಭಾಗದ ಹೋಮ್ ಪಟ್ಟಿಯಲ್ಲಿ ಟೆಕ್ಸ್ಟ್ ಎಂದಿರುವುದನ್ನು ಜನರಲ್ ಎಂದು ಬದಲಿಸಬೇಕು. ಹಲವರು ಇಲ್ಲಿಗೇ ನಿಲ್ಲಿಸಿ, ಏನೂ ಆಗಲಿಲ್ಲವಲ್ಲ ಎಂದು ಕೈಚೆಲ್ಲುತ್ತಾರೆ. ಗುಣ ಬದಲಾದರೂ ಹಿಂದೆ ಬರೆದದ್ದನ್ನು ಎಕ್ಸೆಲ್ ತಾನಾಗಿ ಮತ್ತೆ ಓದುವುದಿಲ್ಲ. ಸೆಲ್ಲಿನ ಮೇಲೆ ನಿಂತು ಎಫ್ 2 ಒತ್ತಿ, ಏನನ್ನೂ ತಿದ್ದದೆ ಎಂಟರ್ ಒತ್ತಿದಾಗಲೇ ಲೆಕ್ಕ ಮೂಡುತ್ತದೆ. ನೂರಾರು ಸಾಲುಗಳಿದ್ದರೆ ಆ ಕಾಲಮ್ಮನ್ನು ಆಯ್ದು, ಡೇಟಾ ಪಟ್ಟಿಯ ಟೆಕ್ಸ್ಟ್ ಟು ಕಾಲಮ್ಸ್ ತೆರೆದು, ನೇರವಾಗಿ ಫಿನಿಶ್ ಒತ್ತಿದರೆ ಎಲ್ಲ ಸಾಲುಗಳೂ ಒಟ್ಟಿಗೇ ಸರಿಯಾಗುತ್ತವೆ.

ಸಮ ಚಿಹ್ನೆಗೂ ಮೊದಲು ಒಂದು ಖಾಲಿ ಜಾಗವೋ ಒಂಟಿ ಉದ್ಧರಣ ಚಿಹ್ನೆಯೋ ನುಸುಳಿದ್ದರೂ ಇದೇ ಲಕ್ಷಣ ಕಾಣುತ್ತದೆ. ಒಂದೆರಡಲ್ಲ, ಇಡೀ ಹಾಳೆಯ ಸೂತ್ರಗಳೆಲ್ಲ ಬಯಲಾಗಿ ಕಾಲಮ್ಮುಗಳು ಅಗಲವಾಗಿದ್ದರೆ, ಶೋ ಫಾರ್ಮುಲಾಸ್ ಎಂಬ ನೋಟ ತಿಳಿಯದೆ ಚಾಲೂ ಆಗಿದೆ ಎಂದರ್ಥ. ಫಾರ್ಮುಲಾಸ್ ಪಟ್ಟಿಯಲ್ಲಿ ಅದನ್ನು ಮತ್ತೊಮ್ಮೆ ಒತ್ತಿದರೆ ಮುಗಿಯಿತು.

ಇನ್ನೊಂದು ತೊಂದರೆಯಲ್ಲಿ ಸೆಲ್ಲಿನಲ್ಲಿ ಅಂಕಿಯೇನೋ ಕಾಣುತ್ತದೆ, ಆದರೆ ಅದು ಹಳೆಯ ಅಂಕಿ. ಲೀಟರನ್ನು ತಿದ್ದಿದರೂ ಮೊತ್ತ ಅಲುಗುವುದಿಲ್ಲ. ಕಡತವನ್ನು ಸೇವ್ ಮಾಡಿದೊಡನೆ ಮಾತ್ರ ಥಟ್ಟನೆ ಬದಲಾಗುತ್ತದೆ. ಹೀಗಾದರೆ ಎಕ್ಸೆಲ್ ಮ್ಯಾನ್ಯುಯಲ್, ಅಂದರೆ ಹೇಳಿದಾಗ ಮಾತ್ರ ಮಾಡುವ, ಲೆಕ್ಕದಲ್ಲಿದೆ ಎಂದು ತಿಳಿಯಬೇಕು. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆಪಲ್ 2 ಗಣಕಕ್ಕೆಂದು ಹೊರತಂದ ವಿಸಿಕ್ಯಾಲ್ಕ್ ಎಂಬ ಲೆಕ್ಕಹಾಳೆಯ ತಂತ್ರಾಂಶದಲ್ಲೇ ಈ ಏರ್ಪಾಡಿತ್ತು. ಅಂದಿನ ಗಣಕಗಳು ನಿಧಾನವಾಗಿದ್ದುದರಿಂದ ಪ್ರತಿ ಅಂಕಿಗೂ ಇಡೀ ಹಾಳೆಯನ್ನು ಲೆಕ್ಕ ಮಾಡುತ್ತ ಕೂತರೆ ಕೆಲಸ ಸಾಗುತ್ತಿರಲಿಲ್ಲ. ಇಂದಿಗೂ ಸಾವಿರಾರು ಸೂತ್ರಗಳ ಭಾರೀ ಕಡತವಿರುವವರು ಇದನ್ನು ಬಳಸುತ್ತಾರೆ. ತೊಂದರೆಯೇನೆಂದರೆ, ಬೆಳಿಗ್ಗೆ ಮೊದಲು ತೆರೆದ ಕಡತ ಯಾವ ಸ್ಥಿತಿಯಲ್ಲಿದೆಯೋ ಅದರ ನಂತರ ತೆರೆದವೆಲ್ಲ ಅದನ್ನೇ ಅನುಸರಿಸುತ್ತವೆ, ಸೇವ್ ಮಾಡಿದಾಗ ಅದನ್ನೇ ಉಳಿಸಿಕೊಳ್ಳುತ್ತವೆ. ಮೇಲಿನ ಕಚೇರಿಯಿಂದ ಪೆನ್‌ಡ್ರೈವಿನಲ್ಲಿ ಬಂದ ಒಂದು ಕಡತದಿಂದ ನಿಮ್ಮ ಎಲ್ಲ ಕಡತಗಳಿಗೂ ಇದು ನೆಗಡಿಯಂತೆ ಅಂಟಬಹುದು. ಫಾರ್ಮುಲಾಸ್ ಪಟ್ಟಿಯ ಕ್ಯಾಲ್ಕುಲೇಷನ್ ಆಪ್ಷನ್ಸ್‌ನಲ್ಲಿ ಆಟೊಮ್ಯಾಟಿಕ್ ಆರಿಸಿ. ಅವಸರವಿದ್ದರೆ ಎಫ್ 9 ಒತ್ತಿದರೂ ಆ ಹೊತ್ತಿನ ಲೆಕ್ಕ ಸಿಗುತ್ತದೆ.

ಇವೆರಡೂ ಕಣ್ಣಿಗೆ ಕಾಣುವ ತೊಂದರೆಗಳು. ಲೆಕ್ಕ ಬಂದಂತೆ ಕಂಡೂ ಮೊತ್ತ ಕಡಿಮೆಯಾಗಿರುವುದೇ ನಿಜವಾಗಿ ಹೆದರಬೇಕಾದದ್ದು. ಸದಸ್ಯರ ಮೊತ್ತವನ್ನು 450 ಎಂದು ಬರೆಯುವ ಬದಲು, ರಶೀದಿಯ ರೂಢಿಯಂತೆ, ಅಂಕಿಯ ಕೊನೆಗೆ ಓರೆಗೆರೆ ಮತ್ತು ಅಡ್ಡಗೆರೆ ಎಳೆದು ಬರೆದರೆ, ಇಲ್ಲವೇ ಅಂಕಿಯ ಜೊತೆ ಲೀಟರ್ ಎಂಬ ಮಾತನ್ನೂ ಸೇರಿಸಿದರೆ, ಎಕ್ಸೆಲ್ ಪಾಲಿಗೆ ಅದು ಸಂಖ್ಯೆಯಲ್ಲ, ಪಠ್ಯ. ಸಮ್ ಎಂಬ ಸೂತ್ರ ತಾನು ಕೂಡುವ ಸಾಲುಗಳಲ್ಲಿ ಪಠ್ಯ ಕಂಡರೆ ದೂರು ಹೇಳದೆ ದಾಟಿಕೊಂಡು ಹೋಗುತ್ತದೆ. ಇನ್ನೂರು ಸದಸ್ಯರಲ್ಲಿ ಏಳು ಮಂದಿಯ ಮೊತ್ತ ಹೀಗಿದ್ದರೆ ಉಳಿದ ನೂರ ತೊಂಬತ್ತಮೂರು ಮಂದಿಯದನ್ನಷ್ಟೇ ಕೂಡಿ ಕೊಡುತ್ತದೆ. ಅದೇ ಸೆಲ್ಲನ್ನು ಗುಣಿಸಲು ಹೊರಟರೆ ವ್ಯಾಲ್ಯೂ ಎಂಬ ದೋಷ ಎದ್ದು ಕಾಣುತ್ತದೆ. ಕೂಡುವಾಗ ಆ ಎಚ್ಚರಿಕೆಯೂ ಇಲ್ಲ.

ಪತ್ತೆ ಮಾಡುವುದು ಸುಲಭ. ಕೌಂಟ್ ಎಂಬ ಸೂತ್ರ ಸಂಖ್ಯೆಗಳನ್ನು ಮಾತ್ರ ಎಣಿಸುತ್ತದೆ, ಕೌಂಟ್ ಎ ಎಂಬುದು ಖಾಲಿಯಲ್ಲದ ಎಲ್ಲವನ್ನೂ ಎಣಿಸುತ್ತದೆ. ಮೊತ್ತದ ಕಾಲಮ್ಮಿನ ಶೀರ್ಷಿಕೆಯನ್ನು ಬಿಟ್ಟು ಎರಡನ್ನೂ ಹಾಕಿ ನೋಡಿದಾಗ ಬರುವ ವ್ಯತ್ಯಾಸವೇ ತಪ್ಪಿಸಿಕೊಂಡ ಸಾಲುಗಳ ಸಂಖ್ಯೆ. ಎಕ್ಸೆಲ್‌ನಂತಹದೇ ಉಚಿತ ತಂತ್ರಾಂಶವಾದ ಲಿಬ್ರೆ ಆಫೀಸ್ ಬಳಸುವವರು ಕಂಟ್ರೋಲ್ ಮತ್ತು ಎಫ್ 8 ಒಟ್ಟಿಗೆ ಒತ್ತಿದರೆ ಸಂಖ್ಯೆಗಳು ನೀಲಿಯಾಗಿ, ಸೂತ್ರಗಳು ಹಸಿರಾಗಿ, ಪಠ್ಯ ಕಪ್ಪಾಗಿ ಕಾಣುತ್ತವೆ. ಈ ಅನುಕೂಲಕ್ಕೆ ನಾನು ಎಕ್ಸೆಲ್‌ಗಿಂತ ಅದನ್ನೇ ಮೆಚ್ಚುತ್ತೇನೆ. ಜಾಲತಾಣದಿಂದ ನಕಲು ಮಾಡಿ ತಂದ ಅಂಕಿಗಳ ಜೊತೆ ಕಣ್ಣಿಗೆ ಕಾಣದ ಒಂದು ವಿಶೇಷ ಖಾಲಿ ಜಾಗವೂ ಬರುವುದುಂಟು. ಅದರ ಸಂಕೇತ ಸಂಖ್ಯೆ 160. ಸ್ಪೇಸ್ ಕೀಲಿಯಿಂದ ಬರುವ ಸಾಮಾನ್ಯ ಖಾಲಿ ಜಾಗದ್ದು 32. ಟ್ರಿಮ್ ಎಂಬ ಸೂತ್ರ ಎರಡನೆಯದನ್ನು ಮಾತ್ರ ತೆಗೆಯಬಲ್ಲದು. ಆ ಖಾಲಿ ಜಾಗವನ್ನೇ ಸೆಲ್ಲಿನಿಂದ ನಕಲು ಮಾಡಿ, ರಿಪ್ಲೇಸ್ ಕಿಟಕಿಯ ಹುಡುಕುವ ಜಾಗದಲ್ಲಿ ಅಂಟಿಸಿ, ಬದಲಿಯ ಜಾಗವನ್ನು ಖಾಲಿ ಬಿಟ್ಟು, ರಿಪ್ಲೇಸ್ ಆಲ್ ಕೊಡಬೇಕು.

ಮೊತ್ತ ಕಡಿಮೆಯಾಗದೆ ಪೂರ್ತಿ ಸೊನ್ನೆಯೇ ಬಂದಿದ್ದರೆ, ಕೂಡುವ ಸೂತ್ರ ತಾನು ಕುಳಿತಿರುವ ಸೆಲ್ಲನ್ನೂ ಕೂಡಲು ಹೊರಟಿದೆಯೇ ನೋಡಿ.

ದಿನಾಂಕದ ಲೆಕ್ಕವೂ ಇದೇ ಜಾತಿಯದು. ಗಣಕದ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಅದು ತಿಂಗಳನ್ನು ಮೊದಲು, ದಿನವನ್ನು ಆಮೇಲೆ ಓದುತ್ತದೆ. ನಾವು ಏಪ್ರಿಲ್ 25 ಎಂದುಕೊಂಡು 25, 4, ವರ್ಷ ಎಂದು ಬರೆದರೆ, ಇಪ್ಪತ್ತೈದನೆಯ ತಿಂಗಳಿಲ್ಲವಾದ್ದರಿಂದ ಅದು ಪಠ್ಯವಾಗಿ ಉಳಿದು, ದಿನಗಳನ್ನು ಕಳೆಯುವ ಸೂತ್ರ ದೋಷ ತೋರಿಸುತ್ತದೆ. ಏಪ್ರಿಲ್ 5ನ್ನು ಬರೆದರೆ ದೋಷವೇ ಬರುವುದಿಲ್ಲ. ಅದು ಸದ್ದಿಲ್ಲದೆ ಮೇ 4 ಆಗಿರುತ್ತದೆ. ಆದ್ದರಿಂದ ಪಟ್ಟಿಯಲ್ಲಿ 13ನೇ ತಾರೀಖಿನಿಂದ ಮುಂದಿನವು ಮಾತ್ರ ಸೆಲ್ಲಿನ ಎಡಕ್ಕೆ ಅಂಟಿಕೊಂಡು ನಿಂತಿದ್ದರೆ, ಆ ಸಾಲುಗಳನ್ನಷ್ಟೇ ತಿದ್ದಿ ಬಿಡಬೇಡಿ. ಕಂಟ್ರೋಲ್ ಪ್ಯಾನೆಲ್‌ನ ರೀಜನ್ ವಿಭಾಗದಲ್ಲಿ ಇಂಗ್ಲಿಷ್ ಇಂಡಿಯಾ ಆರಿಸಿ, ಎಕ್ಸೆಲ್ ಮುಚ್ಚಿ ತೆರೆದು, ಮೊದಲ 12 ತಾರೀಖುಗಳನ್ನೂ ಮೂಲ ರಶೀದಿಯಿಂದಲೇ ಮತ್ತೊಮ್ಮೆ ಬರೆದುಕೊಳ್ಳಿ. ನಮಸ್ಕಾರ.